ಒಂದು ಕಾಲರಿಗೆ

ನಾಮ್ ದಿನ್‌ನಲ್ಲಿ ನಲವತ್ತೊಂದು ಸೆಕೆಂಡು.
ಹವಾಸಾದಲ್ಲಿ ಎಪ್ಪತ್ತಾರು.
ಅದೇ ಕಾಲರು, ಅದೇ ಜಪಾನಿ ಮೆಷೀನು,
ಬಿಳಿ ನೂಲು ಕೂಡ ಒಂದೇ ಗಿರಣಿಯದು.
ಕಂಪನಿ ಕೇಳಿದ್ದು ಇಷ್ಟೇ:
ನಡುವಿನ ಮೂವತ್ತೈದು ಎಲ್ಲಿ ಹೋಯಿತು,
ಹುಡುಕಿ ಬರೆ.

ಕೊರಳಿಗೆ ಗಡಿಯಾರ ತೂಗುಹಾಕಿಕೊಂಡು
ಹೊರಟೆ, ಓಲೆಯ ತಿರುಪು ಕಳಕೊಂಡವಳ ಹಾಗೆ
ನೆಲ ನೋಡಿಕೊಂಡು.

ಹವಾಸಾದಲ್ಲಿ ಕೆಲವು ಸಿಕ್ಕವು.
ಹನ್ನೊಂದು, ಸೂಜಿಯ ಕಣ್ಣಿನಲ್ಲಿ:
ಮೊಂಡು ಸೂಜಿ ದಾರ ಕಡಿಯುತ್ತದೆ,
ಜೆರಿತು ಎಂಜಲು ಹಚ್ಚಿ ಹಚ್ಚಿ ಮತ್ತೆ ಪೋಣಿಸುತ್ತಾಳೆ.
ನಾಲ್ಕು, ಪಕ್ಕದವಳ ಕಡೆ ತಿರುಗುವುದರಲ್ಲಿ.
ಸರಿಯಾ ಇದು? ಅಂತ, ಕಣ್ಣಲ್ಲೇ.
ಒಂಬತ್ತು, ಕರೆಂಟು ಹೋಗಿ ಬಂದಾಗ
ಮೆಷೀನು ನಡುಗಿ ಎಚ್ಚರಾಗುವುದರಲ್ಲಿ.
ಉಳಿದದ್ದು ಜಿಬೂತಿ ಬಂದರಿನಲ್ಲಿ
ಗುಂಡಿಗಳ ಪೆಟ್ಟಿಗೆಯ ಜೊತೆ
ಸುಂಕದವನ ಮುಂದೆ
ಸುಖದುಃಖ ಹೇಳಿಕೊಳ್ಳುತ್ತ ನಿಂತಿದೆ.

ಜೆರಿತು ಕೆಲಸಕ್ಕೆ ಸೇರಿ ಏಳು ತಿಂಗಳು.
ಅದಕ್ಕೆ ಮೊದಲು ಅವಳ ಕೈಗೆ ಗೊತ್ತಿದ್ದದ್ದು
ಎನ್ಸೆತ್ ಗಿಡದ ದಿಂಡು ಕೆರೆದು ಗುಂಡಿಯಲ್ಲಿ ಹೂಳುವುದು.
ಹುಳಿ ಬರಲು ತಿಂಗಳುಗಟ್ಟಲೆ ಬೇಕು,
ಅವಸರಪಟ್ಟರೆ ರೊಟ್ಟಿ ಆಗುವುದಿಲ್ಲ.
ನನ್ನ ಗಡಿಯಾರ ಕಂಡದ್ದೇ ತಡ, ಪರೀಕ್ಷೆಯ ಜ್ವರ.
ತುಟಿ ಕಚ್ಚಿ, ಉಸಿರು ಕಟ್ಟಿ ತುಳಿದಳು.
ಎಪ್ಪತ್ತಾರು ಅಂದರೆ
ಅವಳು ಪಣಕ್ಕಿಟ್ಟ ಪ್ರಾಣ.
ಆಮೇಲೆ ಕಂಬದ ಮರೆಯಿಂದ ಎಣಿಸಿದೆ:
ತೊಂಬತ್ತೆರಡು.

ನಾಮ್ ದಿನ್‌ನ ದಿಯೆಪ್‌ಳದು ಹದಿನಾಲ್ಕು ವರ್ಷ ಪಳಗಿದ ಕೈ.
ಗಡಿಯಾರ ಕಂಡೊಡನೆ ಅವಳು
ನಿಧಾನವಾದಳು.
ನೆಟ್ಟಗಿದ್ದ ಬಟ್ಟೆಯನ್ನೇ ನೆಟ್ಟಗೆ ಮಾಡಿದಳು,
ಇಲ್ಲದ ಧೂಳು ಕೊಡವಿದಳು.
ನಲವತ್ತೊಂದು.
ಮುಖದಲ್ಲಿ ಏನೂ ಇಲ್ಲ.
ಕಂಬದ ಮರೆಯಿಂದ ಇಪ್ಪತ್ತೊಂಬತ್ತು.
ಮಿಕ್ಕ ಹನ್ನೆರಡನ್ನು
ಸೆರಗಿನ ತುದಿಗೆ ಗಂಟುಹಾಕಿದ ಚಿಲ್ಲರೆಯಂತೆ
ಎಲ್ಲೋ ಕಟ್ಟಿಟ್ಟುಕೊಂಡಿದ್ದಾಳೆ.
ಇವತ್ತು ಓಡಿದರೆ ನಾಳೆ ಓಟವೇ ನಡಿಗೆಯ ಲೆಕ್ಕ ಎಂದು
ಅವಳಿಗೆ ಯಾರೂ ಪಾಠ ಮಾಡಿರಲಿಕ್ಕಿಲ್ಲ.

ನನಗೂ ಮಾಡಿರಲಿಲ್ಲ.
ಕಟುನಾಯಕದಲ್ಲಿ, ಹತ್ತೊಂಬತ್ತರಲ್ಲಿ,
ನಾನು ಜೇಬು ಹೊಲಿಯುತ್ತಿದ್ದೆ.
ಕೊರಿಯಾದವನೊಬ್ಬ ಬಂದು ಬೆನ್ನ ಹಿಂದೆ ನಿಂತ.
ಇನೋಕಾ, ಶುರುಮಾಡು, ಅಂದ.
ಮೆಚ್ಚಿಸಬೇಕೆಂದು ಹೊಲಿದೆ. ಮೆಚ್ಚಿದ.
ಮರುದಿನದಿಂದ ನಮ್ಮ ಸಾಲಿನ ಮೂವತ್ತೆರಡು ಹುಡುಗಿಯರೂ
ಆ ಒಂದು ಜೇಬಿನ ವೇಗದಲ್ಲಿ ಹೊಲಿಯಬೇಕಾಯಿತು,
ಅದೇ ಸಂಬಳಕ್ಕೆ.
ಎರಡು ವಾರ ಊಟದ ಬೆಂಚಿನಲ್ಲಿ
ನನ್ನ ಎಡಕ್ಕೂ ಬಲಕ್ಕೂ ಜಾಗವೋ ಜಾಗ.
ರಸಾಂಜಲಿ ಮಾತ್ರ
ಮುಖ ನೋಡದೆ
ಉಪ್ಪು ದಾಟಿಸಿದಳು.

ಆ ಕಾರ್ಖಾನೆ ಈಗಿಲ್ಲ. ನಾವು ದುಬಾರಿಯಾದೆವು.

ಹೋಟೆಲಿನ ಕೋಣೆಯಲ್ಲಿ ವರದಿ ಬಿಡಿಸಿಟ್ಟಿದ್ದೇನೆ.
ದೇಶಕ್ಕೊಂದು ಅಡ್ಡಸಾಲು, ಸಾಲಿಗೊಂದು ಅಂಕಿ.
ಕಂಬ ಕಂಡದ್ದನ್ನು ಬರೆದರೆ
ಅಂತರ ಅರವತ್ತಮೂರು.
ಆಗ ದಿಯೆಪ್‌ಳ ಗಂಟು ಬಿಚ್ಚಿಸುತ್ತಾರೆ,
ಜೆರಿತುವಿನ ಶೆಡ್ಡಿಗೆ ಬೀಗ ಬೀಳುತ್ತದೆ.
ಗಡಿಯಾರ ಕಂಡದ್ದನ್ನು ಬರೆದರೆ
ಮೂವತ್ತೈದು.
ಅದೇನು ಸುಳ್ಳೂ ಅಲ್ಲ.
ನನ್ನನ್ನು ಅಳೆಯಲು ಕಳಿಸಿದ್ದರು,
ಅಡಗಿ ನಿಲ್ಲಲು ಕಳಿಸಿರಲಿಲ್ಲ.
ಕಂಬಕ್ಕೆ ಕಣ್ಣಿದ್ದರೆ ಅದು ಕಂಬದ ಪಾಡು.

ನಲವತ್ತೊಂದು. ಎಪ್ಪತ್ತಾರು.
ಒತ್ತಿ ಬರೆದೆ.

ಕೊನೆಗೊಂದು ಸಣ್ಣ ಚೌಕವಿದೆ, ಷರಾ ಎಂದು.
ಹವಾಸಾಕ್ಕೆ ವಾರಕ್ಕೊಮ್ಮೆ ಹೊಸ ಸೂಜಿ ಕೊಡಬೇಕು.
ಎರಡೂ ಕಡೆ
ಬೆನ್ನಿರುವ ಕುರ್ಚಿ ಬೇಕು.
ಮೇಲಿನವರು ಷರಾ ಓದುವುದಿಲ್ಲ, ಗೊತ್ತು.
ಆದರೂ ಅಕ್ಷರ ದುಂಡಗಿರಲಿ ಎಂದು
ಬಲು ನಿಧಾನ ಬರೆದೆ.